ಮೈಲುತುತ್ತ ಮಾರಲು ಬಂದ ಮೇಷ್ಟರು

ರಸಾಯನಶಾಸ್ತ್ರ ಕಲಿಸಿದವರಲ್ಲಿ ಒಬ್ಬರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ವಯಸ್ಸಾಗುತ್ತಾ ಸಿಟ್ಟು ತಾನಾಗಿ ಇಳಿಯುತ್ತದೆ ಎನ್ನುವವರಿದ್ದಾರೆ. ನನ್ನದು ಇಳಿದಿಲ್ಲ. ಇಳಿಸಿಕೊಳ್ಳುವ ಪ್ರಯತ್ನವನ್ನೂ ನಾನು ಮಾಡಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಲೆನಾಡಿನ ಬಣಕಲ್ಲಿನ ರಸ್ತೆಬದಿಯಲ್ಲಿ ಅಪ್ಪನ ಅಂಗಡಿ, ಅದರ ಹಿಂದೆಯೇ ಮನೆ. ಸುತ್ತಲ ಕಾಫಿ ತೋಟಗಳಿಗೆ ಅಕ್ಕಿ, ಸೀಮೆಎಣ್ಣೆ, ಕಂಬಳಿ, ಕೊಳೆರೋಗಕ್ಕೆ ಸುಣ್ಣದ ಜೊತೆ ಕದಡಿ ಗಿಡಕ್ಕೆ ಹೊಡೆಯುವ ಮೈಲುತುತ್ತ, ಎಲ್ಲವೂ ಅಲ್ಲಿಂದಲೇ ಹೋಗುತ್ತಿದ್ದವು. ನಾನು ತಾಯಿಯಿಲ್ಲದ ಒಬ್ಬಳೇ ಮಗಳು. ಓದುತ್ತೇನೆ ಎಂದು ಹಟ ಹಿಡಿದೆ. ಅಪ್ಪ ನೆಂಟರ ಬಾಯಿಗೆಲ್ಲ ಉತ್ತರ ಕೊಟ್ಟು, ಬಯಲುಸೀಮೆಯ ಒಂದು ದೊಡ್ಡ ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿದರು. ತರಗತಿಯಲ್ಲಿ ಹುಡುಗಿ ನಾನೊಬ್ಬಳೇ.

ಲ್ಯಾಬೊರೇಟರಿ ನನಗೆ ಮೊದಲ ದಿನವೇ ಹಿಡಿಸಿತು. ಕಾಗದದಲ್ಲಿ ಒಂದು ಚಿಟಿಕೆ ಉಪ್ಪು ಕಟ್ಟಿ ಕೊಟ್ಟು, ಇದರಲ್ಲಿ ಏನಿದೆ ಕಂಡುಹಿಡಿಯಿರಿ ಎನ್ನುತ್ತಿದ್ದರು. ಉರಿಗೆ ಹಿಡಿಯಬೇಕು, ಆಮ್ಲ ಹಾಕಬೇಕು, ಕೊಳೆತ ಮೊಟ್ಟೆಯ ನಾತದ ಅನಿಲ ಹಾಯಿಸಬೇಕು. ಇದಲ್ಲ, ಇದಲ್ಲ ಎನ್ನುತ್ತಾ ಹೋಗಿ ಕೊನೆಗೆ ಅದರ ಹೆಸರು ಹೇಳಬೇಕು. ತಾಮ್ರದ ಉಪ್ಪು ಬಂದ ದಿನ ನನಗೆ ಹಬ್ಬ. ಅಮೋನಿಯವನ್ನು ಹನಿಹನಿಯಾಗಿ ಬಿಟ್ಟರೆ ಮೊದಲು ತಿಳಿನೀಲಿ ಗಸಿ; ಇನ್ನಷ್ಟು ಬಿಟ್ಟರೆ ಗಸಿಯೆಲ್ಲ ಕರಗಿ ಇಡೀ ಗಾಜಿನ ನಳಿಗೆ ಕಡುನೀಲಿ. ನಮ್ಮ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುತ್ತಿದ್ದ ಮೈಲುತುತ್ತವೂ ತಾಮ್ರದ ಉಪ್ಪೇ, ಅದರೊಳಗೆ ಇಂಥ ಬಣ್ಣವಿದೆ ಎಂದು ನನಗೆ ಗೊತ್ತಿರಲಿಲ್ಲ.

ಪ್ರಯೋಗ ಮಾಡಿಸುತ್ತಿದ್ದವರು ಒಬ್ಬ ಡೆಮಾನ್‌ಸ್ಟ್ರೇಟರು. ಜರಿಪೇಟ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ, ಮಾತಿನ ಕೊನೆಗೆ ‘ತಿಳಿಯಿತೇ?’ ಅವರು ನನ್ನೊಡನೆ ಆಡಿದ ಮೊದಲ ಮಾತು ನೆನಪಿದೆ. “ಕಾಡಿನಿಂದ ಬಂದವಳು ನೀನು. ಬೆಂಕಿ ಹಚ್ಚುವುದಾದರೂ ಬರುತ್ತದೆಯಷ್ಟೆ? ಬರ್ನರ್ ಹಚ್ಚು, ತಿಳಿಯಿತೇ?” ಹುಡುಗರೆಲ್ಲ ನಕ್ಕರು. ನಾನು ಹಚ್ಚಿದೆ.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನ ಪ್ಲಾಟಿನಂ ಮೂಸೆ ಕಾಣೆಯಾಯಿತು. ಪುಡಿಗಳನ್ನು ಕೆಂಪಗೆ ಕಾಯಿಸುವ, ಹೆಬ್ಬೆರಳಿನಷ್ಟು ದೊಡ್ಡ ಪಾತ್ರೆ, ಚಿನ್ನಕ್ಕಿಂತ ದುಬಾರಿ. ಕೊನೆಗೆ ಬಳಸಿದವಳು ನಾನು. ತೊಳೆದು ಒರೆಸಿ ಅವರ ಕೈಗೇ ಕೊಟ್ಟಿದ್ದೆ. “ನನಗೆ ಕೊಡಲೇ ಇಲ್ಲ” ಎಂದರು.

ಆ ಸಂಜೆ ಅವರು ಹುಡುಗಿಯರ ಹಾಸ್ಟೆಲಿಗೆ ಬಂದರು. ನನ್ನ ಟ್ರಂಕನ್ನು ಜಗಲಿಗೆ ತರಿಸಿದರು. ಎಲ್ಲ ಹುಡುಗಿಯರೂ, ಅಡಿಗೆಯವರೂ ನೋಡುತ್ತಿದ್ದ ಹಾಗೆ ಕೊಡೆಯ ತುದಿಯಿಂದ ನನ್ನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕಿದರು. ಸೀರೆ, ರವಿಕೆ, ಒಳಲಂಗ. ತಳದಲ್ಲಿ ಅಪ್ಪ ಕಳಿಸಿದ್ದ ವಿಭೂತಿ ಗಟ್ಟಿ ಇತ್ತು. ಅದರೊಳಗೆ ಮೂಸೆ ಹುದುಗಿಸಿರಬಹುದೆಂದು ಬೂಟುಗಾಲಿನಲ್ಲಿ ಒಡೆದು ನೋಡಿದರು. ಮೂಸೆ ಸಿಗಲಿಲ್ಲ. ವಿಚಾರಣೆ ಮುಗಿಯುವ ತನಕ ಲ್ಯಾಬೊರೇಟರಿಗೆ ಬರಕೂಡದು ಎಂದು ಹೇಳಿ ಹೋದರು.

ವಿಚಾರಣೆ ಮುಗಿಯಲಿಲ್ಲ, ನನ್ನನ್ನು ಬಿಟ್ಟೇ ಪರೀಕ್ಷೆ ಮುಗಿಯಿತು. ಆಮೇಲೆ ಒಂದು ದಿನ ಮೂಸೆ ಸಿಕ್ಕಿತು. ಅವರದೇ ಮೇಜಿನ ಡ್ರಾಯರಿನಲ್ಲಿ, ಕಾಗದದಲ್ಲಿ ಸುತ್ತಿ ಅವರೇ ಇಟ್ಟು ಮರೆತಿದ್ದರು. ನಾನು ಹೋಗಿ ಎದುರು ನಿಂತೆ.

“ಸಿಕ್ಕಿತಲ್ಲ, ಇನ್ನೇನು?” ಎಂದರು. “ಊರಿಗೆ ಹೋಗಿ ಮದುವೆ ಮಾಡಿಕೋ. ಸುಮ್ಮನೆ ಗಲಾಟೆ ಬೇಡ, ತಿಳಿಯಿತೇ?”

ನಾನು ಬಣಕಲ್ಲಿನಲ್ಲಿ ಬಸ್ಸಿಳಿಯುವ ಮೊದಲೇ ಸುದ್ದಿ ಇಳಿದಿತ್ತು. ಮೂಸೆ ಕದ್ದವಳು ಎಂಬ ಸುದ್ದಿ ಬಂದಿತ್ತು. ಅದು ಸಿಕ್ಕಿದ ಸುದ್ದಿಯನ್ನು ಯಾರೂ ತಂದಿರಲಿಲ್ಲ. ಚಿಕ್ಕಮಗಳೂರಿನ ವರ್ತಕರ ಮನೆಯಿಂದ ಬಂದಿದ್ದ ಸಂಬಂಧ ತಪ್ಪಿಹೋಯಿತು. ನೋಡದ ಗಂಡಿಗಾಗಿ ನಾನು ಅಳಲಿಲ್ಲ. ಆದರೆ ಅಂಗಡಿಗೆ ಬಂದವರು ನನ್ನನ್ನು ಕಂಡರೆ ಮಾತು ತಗ್ಗಿಸುತ್ತಿದ್ದರು, ಅಪ್ಪ ತಕ್ಕಡಿಯಿಂದ ತಲೆ ಎತ್ತುತ್ತಿರಲಿಲ್ಲ. ಅವರು ನನ್ನನ್ನು ಏನೂ ಕೇಳಲಿಲ್ಲ. ನಂಬಿದ್ದರಿಂದ ಕೇಳಲಿಲ್ಲವೋ, ಕೇಳಲು ಹೆದರಿದರೋ ತಿಳಿಯದೆ ನಾನೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಮನಸ್ಸಿಗೆ ಶಿವ ಬರುತ್ತಿರಲಿಲ್ಲ, ಆ ಮನುಷ್ಯ ಬರುತ್ತಿದ್ದ. ಅವನ ಬಾಯಿಂದಲೇ ನಿಜ ಹೊರಡಿಸು ಎಂದು ಕೇಳಿಕೊಳ್ಳುತ್ತಿದ್ದೆ. ನಾಲ್ಕು ಜನರ ಎದುರು ಹೊರಡಿಸು ಎಂದೂ ಸೇರಿಸುತ್ತಿದ್ದೆ.

ಮುಂಗಾರಿಗೆ ಮುಂಚೆ ತೋಟಗಳಲ್ಲಿ ಔಷಧಿ ಹೊಡೆಯುವ ಕಾಲ ಬಂತು. ತಾಮ್ರವೆಲ್ಲ ಯುದ್ಧಕ್ಕೆ ಹೋಗಿ ಮೈಲುತುತ್ತಕ್ಕೆ ಬರ ಬಂದಿತ್ತು. ಒಂದು ಮಧ್ಯಾಹ್ನ ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅಂಗಡಿಯಿಂದ ಮಾತು ಕೇಳಿಸಿತು.

“ಬೇಕಾದಷ್ಟು ಸರಕು ತರಿಸಿಕೊಡುತ್ತೇನೆ. ನಮ್ಮ ಸಾಹುಕಾರರ ಹತ್ತಿರ ಮಾತ್ರ ಇದೆ, ತಿಳಿಯಿತೇ?”

ಮೊರ ಕೆಳಗಿಟ್ಟು ಬಾಗಿಲ ಸಂದಿಯಲ್ಲಿ ನೋಡಿದೆ. ಅದೇ ಪೇಟ, ಅದೇ ಕೊಡೆ. ಕಾಲೇಜಿನ ಕೆಲಸ ಬಿಟ್ಟು ಯಾರೋ ವ್ಯಾಪಾರಿಯ ಏಜೆಂಟರಾಗಿದ್ದರು. ಇದು ನನ್ನ ಅಪ್ಪನ ಅಂಗಡಿ ಎಂದು ಅವರಿಗೆ ಗೊತ್ತಿದ್ದ ಹಾಗಿರಲಿಲ್ಲ. ಮಾದರಿಗೆಂದು ಒಂದು ಪೊಟ್ಟಣ ಕೊಟ್ಟು, ಕಳಸದ ಕಡೆ ಹೋಗಿ ಬರುತ್ತೇನೆಂದು ಹೊರಟರು.

ಪೊಟ್ಟಣ ಬಿಚ್ಚಿ ನೋಡಿದರೆ ಪುಡಿ ನೀಲಿಯಾಗಿರಲಿಲ್ಲ, ಹಸಿರಿಗೆ ತಿರುಗಿತ್ತು. ಅನ್ನಭೇದಿ, ಅಂದರೆ ಅಗ್ಗದ ಕಬ್ಬಿಣದ ಉಪ್ಪು, ಬೆರೆಸಿದ್ದಾರೆಂದು ಅನುಮಾನ ಬಂತು. ಕಲಾಯಿ ಹಾಕುವವರಿಂದ ನವಸಾಗರವೆಂಬ ಉಪ್ಪು ತರಿಸಿದೆ. ಅದಕ್ಕೆ ಸುಣ್ಣ ಸೇರಿಸಿ ಅಡಿಗೆ ಒಲೆಯ ಮೇಲೆ ಕಾಯಿಸಿ, ಬಂದ ಅಮೋನಿಯವನ್ನು ನೀರಿಗೆ ಹಿಡಿದೆ. ಕಣ್ಣಲ್ಲಿ ನೀರು ಸುರಿಯಿತು. ಎಷ್ಟೋ ದಿನದ ಮೇಲೆ ಆ ವಾಸನೆ ಕುಡಿದು ನನಗೆ ಜೀವ ಬಂದಂತಾಯಿತು. ಪರೀಕ್ಷೆ ಮಾಡಿದೆ. ಅನುಮಾನ ನಿಜವಾಗಿತ್ತು.

ಅಪ್ಪನಿಗೆ ತೋರಿಸಿದೆ. “ಬಂದಾಗ ಒಳಗೆ ಕರೆದು ಹೇಳಿ ಕಳಿಸಿಬಿಡಾಣ ಮಗಾ. ಪಾಪ, ಮರ್ಯಾದಸ್ಥರ ಹಾಗೆ ಕಾಣ್ತಾರೆ” ಎಂದರು.

“ಬೇಡ ಅಪ್ಪಯ್ಯ. ಇವರೇ ನನ್ನ ಮೇಷ್ಟ್ರು. ನನ್ನ ಟ್ರಂಕನ್ನ ಒಳಗೆ ಕರೆದು ಬಿಚ್ಚಿಸ್ಲಿಲ್ಲ ಇವರು. ಜಗಲೀಲಿ ಎಲ್ಲರ ಎದುರಿಗೆ ಬಿಚ್ಚಿಸಿದ್ರು. ನೀವು ಕಳಿಸಿದ ವಿಭೂತೀನ ಬೂಟಲ್ಲಿ ಒಡೆದ್ರು.”

ಅಪ್ಪ ಪೊಟ್ಟಣ ಕಟ್ಟಿ ಪಕ್ಕಕ್ಕಿಟ್ಟರು. ಆಮೇಲೆ, “ಸಂತೆ ದಿನ ಬರಕ್ಕೆ ಹೇಳ್ತೀನಿ. ತೋಟದೋರೆಲ್ಲ ಇರ್ತಾರೆ” ಎಂದರು.

ಸಂತೆಯ ದಿನ ಅಂಗಡಿಯ ಜಗಲಿ ತುಂಬಿತ್ತು. ಬೆಂಚಿನ ನಡುವೆ ಬಾಳೂರಿನ ಕಡೆಯ ಒಬ್ಬ ಹಿರಿಯ ಗೌಡರು, ದೊಡ್ಡ ತೋಟದವರು. ಅವರಿಗೆ ಕಿವಿ ಸ್ವಲ್ಪ ಮಂದ. ಅವರು ಕೊಂಡ ಸರಕನ್ನೇ ಉಳಿದವರೂ ಕೊಳ್ಳುತ್ತಿದ್ದರು. ನನ್ನ ಮೇಷ್ಟರು ಮೂಟೆ ಬಿಚ್ಚಿಸಿ ಹೇಳಿದರು: “ಅಪ್ಪಟ ಮೈಲುತುತ್ತ. ನಾನೇ ಪರೀಕ್ಷೆ ಮಾಡಿದ್ದೇನೆ. ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಿದ್ದವನು ನಾನು, ತಿಳಿಯಿತೇ?”

ಆ ಮಾತಿಗೇ ಕಾಯುತ್ತಿದ್ದೆ. ಎರಡು ಗಾಜಿನ ಲೋಟ, ಅಮೋನಿಯದ ಸೀಸೆ ಹಿಡಿದು ಹೊರಗೆ ಬಂದೆ. ಒಂದರಲ್ಲಿ ನಮ್ಮಲ್ಲಿ ಉಳಿದಿದ್ದ ಹಳೆಯ ಮೈಲುತುತ್ತ ಕರಗಿಸಿದ್ದೆ. ಇನ್ನೊಂದರ ನೀರಿಗೆ ಅವರ ಮೂಟೆಯಿಂದಲೇ ಒಂದು ಚಿಟಿಕೆ ತೆಗೆದು ಹಾಕಿದೆ. ಅವರು ನನ್ನನ್ನು ಗುರುತು ಹಿಡಿದರು. ಕೊಡೆ ಕಂಕುಳಿನಿಂದ ಜಾರಿತು.

“ಮೇಷ್ಟ್ರೇ, ಅಮೋನಿಯ ಹಾಕಿದರೆ ಅಪ್ಪಟ ತಾಮ್ರದ ಉಪ್ಪು ಯಾವ ಬಣ್ಣ ಬರಬೇಕು? ಇವರಿಗೆ ಹೇಳಿ.”

“ನೀಲಿ” ಎಂದರು. ಬೇರೆ ಹೇಳುವ ಹಾಗಿರಲಿಲ್ಲ.

ಎರಡಕ್ಕೂ ಅಮೋನಿಯ ಬಿಟ್ಟೆ. ನಮ್ಮ ಲೋಟ ಕಡುನೀಲಿಯಾಗಿ ತಿಳಿಯಾಯಿತು. ಅವರದರಲ್ಲಿ ಕೊಳಕು ಹಸಿರು ಗಸಿ ಎದ್ದು, ನೋಡುನೋಡುತ್ತಾ ಮೇಲೆ ಕಂದು ತಿರುಗಿತು.

“ಎಂಥ ಇದು ಮಾರಾಯ್ರೆ, ಸೆಗಣಿ ಕದಡಿದ ಹಾಗೆ ಇದ್ಯಲ್ಲ!” ಎಂದರು ಗೌಡರು. “ಇದನ್ನ ಹೊಡೆದಿದ್ರೆ ನಮ್ ತೋಟ ಎಲ್ಲ ಕೊಳೆರೋಗಕ್ಕೆ ಹೋಗ್ತಿತ್ತು.”

“ಗೋಡೌನಿನವರ ತಪ್ಪು. ನನಗೆ ಗೊತ್ತಿರಲಿಲ್ಲ.” ಮೇಷ್ಟರು ಬೆವರು ಒರೆಸಿಕೊಂಡರು. ಮೂಟೆ ಕಟ್ಟಲು ಬಗ್ಗಿದರು. ಅಪ್ಪ ಮೂಟೆಯ ಮೇಲೆ ಕಾಲಿಟ್ಟು ನಿಂತರು. ನಮ್ಮಪ್ಪ ಹಾಗೆ ನಿಂತದ್ದನ್ನು ಅದಕ್ಕೆ ಮೊದಲೂ ಕಾಣೆ, ಆಮೇಲೂ ಕಾಣೆ.

“ಇನ್ನೊಂದು ಪ್ರಶ್ನೆ ಇದೆ ಮೇಷ್ಟ್ರೇ” ಎಂದೆ. “ಕಾಲೇಜಿನ ಪ್ಲಾಟಿನಂ ಮೂಸೆ ಕೊನೆಗೆ ಎಲ್ಲಿ ಸಿಕ್ಕಿತು?”

ಅವರು ಅಪ್ಪನ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. ಜನ ಸುತ್ತ ನಿಂತಿದ್ದರು.

“ನನ್ನ ಡ್ರಾಯರಿನಲ್ಲಿ” ಎಂದರು ಮೆಲ್ಲಗೆ.

“ಎಂತದು? ನಂಗೆ ಕೇಳ್ಸಲ್ಲ, ಜೋರಾಗಿ ಹೇಳಿ” ಎಂದರು ಗೌಡರು.

“ನನ್ನ ಡ್ರಾಯರಿನಲ್ಲಿ ಸಿಕ್ಕಿತು. ನಾನೇ ಇಟ್ಟಿದ್ದೆ.”

“ಹಂಗಾದ್ರೆ ಈ ಹುಡುಗಿ ಕದೀಲಿಲ್ಲ?”

“ಇಲ್ಲ.”

“ಅವತ್ತು ಹೇಳಕ್ಕೆ ಬಾಯಿ ಇರ್ಲಿಲ್ವ ನಿಮಗೆ?”

ಅಪ್ಪ ಕಾಲು ತೆಗೆದರು. ಮೇಷ್ಟರು ಮೂಟೆಯನ್ನು ಸರಿಯಾಗಿ ಕಟ್ಟಲಾಗದೆ ಎಳೆದುಕೊಂಡು ರಸ್ತೆಗೆ ಹೋದರು; ಹಸಿರು ಪುಡಿ ಮೆಟ್ಟಿಲ ಮೇಲೆಲ್ಲ ಸೋರಿತು. ಬಸ್ಸು ಬರುವ ತನಕ ಎಲ್ಲರ ಕಣ್ಣೆದುರು ಬಿಸಿಲಿನಲ್ಲಿ ನಿಂತಿರಬೇಕಾಯಿತು. ನಾನೂ ಒಳಗೆ ಹೋಗದೆ ನೋಡುತ್ತಾ ನಿಂತಿದ್ದೆ. ಮರುಕ ಬರಲಿಲ್ಲ. ಬಸ್ಸು ಇನ್ನೂ ತಡವಾಗಲಿ ಎನಿಸಿತು.

ಅಲ್ಲಿಗೂ ಬಿಡಲಿಲ್ಲ. ಮೂಡಿಗೆರೆ, ಕಳಸ, ಸಕಲೇಶಪುರದ ಅಂಗಡಿಯವರಿಗೆಲ್ಲ ಅಪ್ಪನ ಕೈಲಿ ಹೇಳಿ ಕಳಿಸಿದೆ. ಘಟ್ಟದ ಸೀಮೆಯಲ್ಲಿ ಆ ಮನುಷ್ಯನಿಗೆ ಒಂದು ಹಿಡಿ ಪುಡಿಯನ್ನೂ ಮಾರಲಾಗಲಿಲ್ಲ.

ಚಿಕ್ಕಮಗಳೂರಿನ ವರ್ತಕರು ಮತ್ತೆ ಹೇಳಿ ಕಳಿಸಿದರು. “ಹುಡುಗಿ ಓದ್ತಾಳೆ” ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ಕಾಲೇಜು ತೆರೆದಾಗ ಅವರೇ ನನ್ನನ್ನು ಕರೆದುಕೊಂಡು ಹೊರಟರು. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಗ್ಯಾಸಿನ ಬಸ್ಸು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ತಳ್ಳಬೇಕು. ಒಂದು ಏರು ತಳ್ಳಿ, ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತ ಅಪ್ಪ ಕೇಳಿದರು:

“ಅವರ ಮೇಲೆ ಇನ್ನೂ ಸಿಟ್ಟಿದ್ಯ ಮಗಾ?”

“ಇದೆ ಅಪ್ಪಯ್ಯ.”

“ಇರ್ಲಿ” ಎಂದರು. “ಈ ಸಲ ಪರೀಕ್ಷೆ ಮುಗಿಸ್ಕೊಂಡು ಬಾ.”