ನುಂಗಲು ಕಲಿತವರು

ತಮಿಳುನಾಡಿನ ತೇನಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಎಚ್‌ಐವಿ ಇರುವ ಮಕ್ಕಳಿಗೆ ಔಷಧಿ ಕೊಡುವ ಕೋಣೆಯಲ್ಲಿ ನಾನು ನರ್ಸ್ ಆಗಿದ್ದೆ. ಓಡೈಪಟ್ಟಿಯಿಂದ ಒಬ್ಬ ಅಜ್ಜಿ ತಮ್ಮ ಏಳು ವರ್ಷದ ಮೊಮ್ಮಗಳನ್ನು ತಿಂಗಳಿಗೊಮ್ಮೆ ಕರೆತರುತ್ತಿದ್ದರು. ಮಗುವಿನ ತಾಯಿಗೂ ಇದೇ ಚಿಕಿತ್ಸೆ. ಆದರೆ ಆಕೆ ದ್ರಾಕ್ಷಿ ತೋಟದ ಕೆಲಸ ಬಿಟ್ಟು ಪ್ರತಿ ಸಲ ಬರುವುದು ಕಷ್ಟವಾಗಿತ್ತು. ನಮ್ಮ ಮನೆಯಲ್ಲೂ ಕನ್ನಡವೇ ಎಂದು ತಿಳಿದ ದಿನದಿಂದ ಅಜ್ಜಿ ನನ್ನೊಡನೆ ತಮಿಳು ಬಿಟ್ಟರು.

ಒಂದು ಸೋಮವಾರ ಹುಡುಗಿಯ ತೂಕ ಇಪ್ಪತ್ತು ಕಿಲೋ ದಾಟಿತು. ನಮಗೆಲ್ಲ ಖುಷಿ, ಅವಳಿಗೆ ಮಾತ್ರ ಪೇಚಾಟ. ಅಲ್ಲಿಯವರೆಗೆ ನೀರಿನಲ್ಲಿ ಕರಗುವ ಮಾತ್ರೆ ಕುಡಿದರೆ ಸಾಕಿತ್ತು; ಇನ್ನು ಮೇಲೆ ದೊಡ್ಡವರ ಮಾತ್ರೆಯನ್ನು ಇಡಿಯಾಗಿ ನುಂಗಬೇಕು. ಮೊದಲ ಸಲ ಉಗಿದಳು. ಎರಡನೆಯ ಸಲ ನೀರೆಲ್ಲ ಒಳಗೆ ಹೋಯಿತು, ಮಾತ್ರೆ ನಾಲಿಗೆಯ ಮೇಲೇ ಉಳಿಯಿತು.

ಅಂಗಡಿಯಿಂದ ಮಾತ್ರೆಗಿಂತ ಚಿಕ್ಕದಾದ ಜೀರಿಗೆ ಮಿಠಾಯಿ ತರಿಸಿದೆ. "ಮೊದ್ಲು ಇದನ್ನ ನುಂಗಿ ಕಲಿ ಕಂದಾ. ಅಗೀಬಾರ್ದು," ಎಂದೆ.

ಅವಳು ಅಜ್ಜಿಯ ಕಡೆ ಕೈ ತೋರಿಸಿದಳು. "ಅಜ್ಜಿನೂ ನುಂಗಲ್ಲ. ಅವಳ ಮಾತ್ರೆ ಎಲ್ಲಾ ಡಬ್ಬಿಲಿ ಅದೆ."

ಅವು ರಕ್ತದೊತ್ತಡಕ್ಕೆಂದು ನಮ್ಮ ಆಸ್ಪತ್ರೆಯಲ್ಲೇ ಕೊಟ್ಟ ಮಾತ್ರೆಗಳು. ಅಜ್ಜಿ ಸೆರಗು ಸರಿಮಾಡಿಕೊಂಡು, "ಗಂಟಲಲ್ಲಿ ಸಿಕ್ಕೊಂಡು ಉಸುರು ನಿಂತೋದ್ರೆ ಏನ್ ಮಾಡದು ತಾಯಿ? ಡಾಕ್ಟ್ರು ಕೇಳಿದ್ರೆ ತಿಂದೆ ಅಂದ್ಬಿಡ್ತೀನಿ. ಪಾಪ, ಅವರಿಗ್ಯಾಕೆ ಬೇಜಾರು," ಎಂದರು.

ಬಿಪಿ ನೋಡಿದೆ, ಹೆಚ್ಚೇ ಇತ್ತು. ಗದರಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಪಾಠ ಶುರು ಮಾಡಿದೆ. ಬೆನ್ನು ನೆಟ್ಟಗಿರಬೇಕು, ಮಿಠಾಯಿ ನಾಲಿಗೆಯ ನಡುವೆ, ಮೇಲೊಂದು ದೊಡ್ಡ ಗುಟುಕು ನೀರು. ಅಜ್ಜಿ ಪ್ರತಿ ಸಲವೂ ಅಗಿದುಬಿಡುತ್ತಿದ್ದರು. ಹುಡುಗಿ ನಕ್ಕು ನಕ್ಕು ಹೆದರಿಕೆ ಮರೆತು, ನಾಲ್ಕನೆಯದನ್ನು ನುಂಗಿಯೇ ಬಿಟ್ಟಳು. ನಾಲಿಗೆ ಎತ್ತಿ ಬಾಯಿ ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ನಿಜವಾದ ಮಾತ್ರೆಯೂ ಒಳಗೆ ಹೋಯಿತು.

"ಮನೇಲಿ ಅಜ್ಜಿಗೆ ನೀನೇ ಟೀಚರ್," ಎಂದು ಹೇಳಿ ಕಳುಹಿಸಿದೆ.

ಮುಂದಿನ ತಿಂಗಳು ತಾಯಿಯೂ ಜೊತೆಗೆ ಬಂದಿದ್ದಳು. "ಬೆಳಿಗ್ಗೆ ಇಡ್ಲಿ ತಿಂದ್ಮೇಲೆ ಮೂರು ಜನಾನೂ ಸಾಲಾಗಿ ಕುಂತ್ಕೋತೀವಿ ಅಕ್ಕಾ. ಇವಳು ಒಂದು, ಎರಡು, ಮೂರು ಅಂತಾಳೆ, ನಾವು ನುಂಗ್ತೀವಿ," ಎಂದಳು.

"ಅಜ್ಜಿ ಎರಡು ದಿನ ಉಗಿದ್ಲು," ಎಂದು ಹುಡುಗಿ ದೂರು ಹೇಳಿದಳು.

ಕೆಲವು ತಿಂಗಳ ಮೇಲೆ ಹುಡುಗಿಯ ರಕ್ತಪರೀಕ್ಷೆಯ ವರದಿ ಬಂತು. ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿತ್ತು. ನಾನು ವಿವರಿಸಿ ಹೇಳಿದಾಗ ಅಜ್ಜಿ ಕಣ್ಣೊರೆಸಿಕೊಂಡರು. ಆಮೇಲೆ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ನಂದು ಎಲ್ಲಿ ಬರೆದದೆ?" ಎಂದು ಕೇಳಿದರು. ಅವರ ಬಿಪಿ ನೋಡಿದೆ, ಇಳಿದಿತ್ತು. ಅದನ್ನು ಅವರ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ.