ಓಡಿಸುವವರ ಹಲ್ಲು ಯಾರೂ ನೋಡುವುದಿಲ್ಲ

ಇನ್ಶೂರೆನ್ಸು ಅಂದರೆ ಏನೆಂದು ನನಗೆ ಕಲಿಸಿದ್ದು ಹಸು. ನಾನು ಓದಿದ್ದು ಮೂರನೇ ಕ್ಲಾಸು, ಅಲ್ಲಿ ಅದನ್ನು ಹೇಳಿಕೊಡಲಿಲ್ಲ.

ಯಡಿಯೂರಿನಲ್ಲಿ ನಮ್ಮ ಮನೆಯ ಪಕ್ಕಕ್ಕೇ ಕೊಟ್ಟಿಗೆ ಇತ್ತು. ತೊಂಬತ್ತನೇ ಇಸವಿಯ ಆಚೀಚೆ ಅಲ್ಲಿ ಸೀಮೆ ಹಸು ಕಟ್ಟಿಕೊಂಡು ಜಯನಗರದ ಮನೆಗಳಿಗೆ ಹಾಲು ಹಾಕುತ್ತಿದ್ದೆವು. ಹಸುವಿಗೆ ಸಾಲ ಕೊಟ್ಟ ಬ್ಯಾಂಕಿನವರು ಇನ್ಶೂರೆನ್ಸು ಮಾಡಿಸಲೇಬೇಕು ಎಂದರು. ದನದ ಡಾಕ್ಟರು ಬಂದು ಹಸುವಿನ ಬಾಯಿ ಅಗಲಿಸಿ ಹಲ್ಲು ನೋಡಿದರು. ಹಲ್ಲು ನೋಡಿದರೆ ದನದ ವಯಸ್ಸು ಗೊತ್ತಾಗುತ್ತದೆ. ತೀರ ಎಳೆಯದಕ್ಕೆ ಇನ್ಶೂರೆನ್ಸಿಲ್ಲ, ತೀರ ಮುದಿಯದಕ್ಕೂ ಇಲ್ಲ. ನಡುವಿನ ವಯಸ್ಸಿನದಕ್ಕೆ ಕಿವಿಗೆ ಓಲೆ ಚುಚ್ಚಿ, ಅದರ ನಂಬರು ಬರೆದುಕೊಂಡು ಹೋದರು. ನಮ್ಮ ಹಸುಗಳಲ್ಲಿ ಒಂದು ಹೊಟ್ಟೆ ಉಬ್ಬರಿಸಿ ಸತ್ತಾಗ ಓಲೆ ಸಮೇತ ಕಿವಿ ಕೊಯ್ದು ಕೊಟ್ಟು ದುಡ್ಡು ತಂದೆ. ಅಳುತ್ತ ಕೂತಿದ್ದರೆ ಅದೂ ಬರುತ್ತಿರಲಿಲ್ಲ.

ಆಮೇಲೆ ಮೇಯಿಸುವ ಜಾಗವೆಲ್ಲ ಮನೆಗಳಾಯಿತು. ಹೊಸದಾಗಿ ಬಂದವರು ಸಗಣಿ ವಾಸನೆ ಎಂದು ಗಲಾಟೆ ಮಾಡಿದರು. ಹಸು ಮಾರಿದೆವು. ಅವು ಕಲಗಚ್ಚು ಕುಡಿಯುತ್ತಿದ್ದ ಕಲ್ಲುಬಾನಿ ಮಾತ್ರ ಕೊಟ್ಟಿಗೆಯ ಬಾಗಿಲ ಬದಿಯಲ್ಲೇ ಉಳಿಯಿತು. ಅದನ್ನು ಎತ್ತಬೇಕಾದರೆ ನಾಲ್ಕು ಆಳು ಬೇಕು. ಕೂಲಿ ಯಾರು ಕೊಡುತ್ತಾರೆ?

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಖಾಲಿ ಕೊಟ್ಟಿಗೆಗೆ ಒಂದು ಹಳದಿ ಕಾರು ಬಂತು. ಎರಡೇ ಬಾಗಿಲು, ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. ಅದರ ಯಜಮಾನರು ಜಯನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟವರು, ಅರವತ್ತರ ಹತ್ತಿರದವರು. ಅವರ ಮನೆಯ ಗೇಟಿನ ಮುಂದೆ ಇಳಿಜಾರು. ಒಳಗೆ ಬಿಡಲು ಹೋದರೆ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತಿತ್ತಂತೆ. ನಮ್ಮ ಕೊಟ್ಟಿಗೆ ರಸ್ತೆಯ ಮಟ್ಟಕ್ಕೇ ಇತ್ತು. ನೋಡಿದವರೇ ಬಾಡಿಗೆ ಮಾತಾಡಿದರು.

"ಇದೇನ್ ಸ್ವಾಮಿ, ಇಷ್ಟೊಂದ್ ದುಡ್ಡು ಕೊಟ್ಟು ನೆಲದ್ ಮೇಲೆ ಕೂತ್ಕೊಂಡ್ ಹೋಗೋದು?" ಎಂದೆ.

"ಇಪ್ಪತ್ತು ವರ್ಷದವನಿದ್ದಾಗ ಇಂಥದ್ರ ಫೋಟೊ ಗೋಡೆಗೆ ಅಂಟಿಸ್ಕೊಂಡಿದ್ದೆ ಅಮ್ಮಾ. ಆಗ ಮಂಡಿ ಇತ್ತು, ದುಡ್ಡಿರ್ಲಿಲ್ಲ. ಈಗ ದುಡ್ಡಿದೆ, ಮಂಡಿ ಇಲ್ಲ" ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಬಂದು, ಕನಕಪುರ ರಸ್ತೆಯಲ್ಲಿ ತಲಘಟ್ಟಪುರದವರೆಗೆ ಹೋಗಿಬಂದು, ಒರೆಸಿ ಮುಚ್ಚಿಟ್ಟು ಹೋಗುವುದು ಅವರ ಪದ್ಧತಿ. ಕೀಲಿಕೈ ನಮ್ಮ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವರ ಮನೆಯಲ್ಲಿಟ್ಟರೆ ಮಗ ಎತ್ತಿಕೊಂಡು ಹೋಗುತ್ತಾನೆಂಬ ಭಯ. "ಬಂದು ಕೇಳಿದ್ರೆ ಕೊಡಬೇಡಿ. ಇಪ್ಪತ್ತೊಂದು ವರ್ಷ ಅವನಿಗೆ, ತಲೆ ನಿಲ್ಲಲ್ಲ" ಎಂದಿದ್ದರು.

ಒಂದು ಭಾನುವಾರ, ನಾನು ಹಗ್ಗದ ಮೇಲೆ ಒಣಗಲು ಹಾಕಿದ್ದ ಸೀರೆಗೆ ಅವರು "ಬರ್ತೀನಮ್ಮಾ" ಎಂದು ಹೇಳಿ ಹೊರಟುಹೋದರು. ನಾನು ಇತ್ತ ಬಾಗಿಲಲ್ಲಿ ನಿಂತಿದ್ದೆ. ವ್ಯಾಪಾರದ ಯೋಚನೆಯಲ್ಲಿದ್ದಾರೆ ಎಂದುಕೊಂಡೆ.

ವರ್ಷ ತುಂಬುವ ಹೊತ್ತಿಗೆ ಇನ್ಶೂರೆನ್ಸ್ ಏಜೆಂಟು ಬಂದ. ಕಾರಿನ ಸುತ್ತ ತಿರುಗಿ ಫೋಟೊ ತೆಗೆದುಕೊಂಡ. ಕಾಫಿ ಕೊಟ್ಟು, ವರ್ಷಕ್ಕೆ ಎಷ್ಟು ಕಟ್ಟಬೇಕಪ್ಪಾ ಎಂದು ಕೇಳಿದೆ. ಹೇಳಿದ. ಮನಸ್ಸಿನಲ್ಲೇ ಅದನ್ನು ಹಸುವಿನ ಲೆಕ್ಕಕ್ಕೆ ತಂದೆ. ಐದು ಸೀಮೆ ಹಸು! ಕಾರಿನ ಬೆಲೆಯಲ್ಲ, ಅದರ ಇನ್ಶೂರೆನ್ಸು.

"ಓಡ್ಸೋನ್ ವಯಸ್ಸು ಕೇಳಲ್ವಾ?"

"ಕಾರಿನ ಬೆಲೆ, ಕಾರಿನ ವಯಸ್ಸು, ಇಂಜಿನ್ ಎಷ್ಟು ದೊಡ್ಡದು, ಯಾವ ಊರು. ಇಷ್ಟೇ ಅಜ್ಜಿ. ಓಡಿಸೋರಿಗೆ ಲೈಸೆನ್ಸ್ ಇದ್ರೆ ಸಾಕು."

"ಇಪ್ಪತ್ತರ ಹುಡ್ಗನ್ಗೂ ಅರವತ್ತರ ಮುದುಕನ್ಗೂ ಒಂದೇ ರೇಟಾ?"

"ಒಂದೇ ರೇಟು."

"ಹಸೂಗೆ ಬಾಯಿ ಬಿಡ್ಸಿ ಹಲ್ಲು ನೋಡಿದ್ರಲ್ಲಯ್ಯಾ. ಹಸು ಸತ್ರೆ ಹಸು ಒಂದೇ ಸಾಯ್ತದೆ. ಇದು ಗುದ್ದಿದ್ರೆ ಎದುರಿಗಿರೋನೂ ಸಾಯ್ತಾನೆ. ಇವ್ರ ಹಲ್ಲು ಯಾಕ್ ನೋಡಲ್ಲ?"

ಏಜೆಂಟು ಕಾಫಿ ಚೆಲ್ಲುವಷ್ಟು ನಕ್ಕ. ಅವನ ಭಾವಮೈದ ಲಂಡನ್ನಿನಲ್ಲಿದ್ದನಂತೆ. ಅಲ್ಲಿ ಮೊದಲು ಕೇಳುವುದೇ ಓಡಿಸುವವನ ವಯಸ್ಸಂತೆ. "ಹುಡುಗರು ಇಂಥ ಕಾರು ಇಟ್ಕೊಂಡ್ರೆ ಇನ್ಶೂರೆನ್ಸ್ ದುಡ್ಡಲ್ಲಿ ಇನ್ನೊಂದು ಸಣ್ಣ ಕಾರು ಬರತ್ತೆ. ಕೆಲವು ಕಂಪನಿಯವರು ಹುಡುಗರು ಅಂದ್ರೆ ಬೇಡವೇ ಬೇಡ ಅಂತಾರೆ. ವಯಸ್ಸಾದಂಗೆ ರೇಟು ಇಳಿಯತ್ತೆ."

"ಸಾಯೋವರ್ಗೂ ಇಳೀತಾನೇ ಹೋಗ್ತದಾ?"

"ಇಲ್ಲಜ್ಜಿ, ತುಂಬ ವಯಸ್ಸಾದ್ರೆ ಮತ್ತೆ ಏರತ್ತಂತೆ."

ಲಂಡನ್ನಿನವರಿಗೆ ದನ ಸಾಕಿ ಗೊತ್ತಿರಬೇಕು. ಚೊಚ್ಚಲು ಹಸು ಹಾಲು ಕರೆಯಲು ಕೂತರೆ ಒದೆಯುತ್ತದೆ. ಮುದಿ ಹಸು ಒದೆಯುವುದಿಲ್ಲ, ಕಾಲು ಜಾರಿ ಮೈಮೇಲೇ ಬೀಳುತ್ತದೆ. ನಮ್ಮವರು ಹಸುವಿಗೆ ಕೇಳುವ ಪ್ರಶ್ನೆಯನ್ನು ಮನುಷ್ಯರಿಗೆ ಯಾಕೆ ಕೇಳುವುದಿಲ್ಲ ಎಂಬುದು ನನಗೆ ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು.

ಅದೇ ಸುಮಾರಿಗೆ ಯಜಮಾನರ ಮಗ ಬಂದ. ಉದ್ದ ಕೂದಲಿನ ತೆಳ್ಳನೆಯ ಹುಡುಗ.

"ಅಜ್ಜಿ, ಕೀ ಕೊಡಿ ಪ್ಲೀಸ್, ಒಂದೇ ರೌಂಡು."

"ನಿಮ್ಮಪ್ಪ ಬೇಡ ಅಂದವ್ರೆ."

"ಸ್ಕೂಟರ್‌ಗೂ ಬೇಡ ಅಂದಿದ್ರು. ಒಂದ್ಸಲಾನೂ ಬಿದ್ದಿಲ್ಲ ನಾನು."

"ಮುಂದೂ ಬೀಳಲ್ಲ ಅಂತ ಯಾರಾದ್ರೂ ಬರ್ಕೊಟ್ಟವ್ರಾ?"

ಅವನು ಕಾರನ್ನು ಮುಟ್ಟದೆ ಸುಮ್ಮನೆ ನೋಡಿ ಹೋದ. ಮುಂದಿನ ಭಾನುವಾರ ಅಪ್ಪನ ಜೊತೆಗೇ ಬಂದ. ಇಬ್ಬರಿಗೂ ನಮ್ಮ ಅಂಗಳದಲ್ಲೇ ಜಗಳ. ನನಗೆ ಒಂದು ಯೋಚನೆ ಬಂತು.

"ನೋಡಿ ಸ್ವಾಮಿ, ಕಂಪನಿಯವ್ರು ವಯಸ್ಸು ಕೇಳಲ್ಲ, ನಾನು ಕೇಳ್ತೀನಿ. ಇವ್ನು ಗಾಡಿ ತೆಗೆದಾಗೆಲ್ಲ ಬಾಡಿಗೆ ಮೇಲೆ ನೂರು ರೂಪಾಯಿ, ಇವ್ನ ಜೇಬಿಂದ. ನನ್ ಗೋಡೆಗೆ ಗುದ್ದಿದ್ರೆ ಅದ್ರಲ್ಲಿ ಕಟ್ಟುಸ್ಕೋತೀನಿ."

ಮಗನ ಜೇಬು ಎರಡು ವಾರಕ್ಕೆ ಬರಿದಾಗುತ್ತದೆ ಎಂದುಕೊಂಡರೋ ಏನೋ, ಯಜಮಾನರು ಒಪ್ಪಿದರು. ಆದರೆ ಬೆರಳು ತೋರಿಸಿ ಹೇಳಿದರು: "ಒಂದೇ ಒಂದು ಗೀರು ಬಿತ್ತು ಅಂದ್ರೆ ಅವತ್ತಿಗೇ ಕೊನೆ. ಆಮೇಲೆ ನೀನು ಈ ಕಾರು ಮುಟ್ಟಂಗಿಲ್ಲ."

"ಬೀಳಲ್ಲಪ್ಪ."

"ನೋಡಣ."

ನನಗೂ ನೋಡುವ ಆಸೆ. ಹುಡುಗ ಶನಿವಾರ ಬರುತ್ತಿದ್ದ. ನೋಟು ನನ್ನ ಕೈಗಿಟ್ಟು, ಕಾರಿನ ಸುತ್ತ ಒಂದು ಸುತ್ತು ಹಾಕಿ, ತಲೆ ಹೊರಗೆ ಚಾಚಿ ಕಲ್ಲುಬಾನಿಯನ್ನೇ ನೋಡುತ್ತ ಇಂಚಿಂಚಾಗಿ ಹಿಂದಕ್ಕೆ ತೆಗೆಯುತ್ತಿದ್ದ. ಬೀದಿಯ ಹಂಪನ್ನು ಹೊಟ್ಟೆ ತಾಗದ ಹಾಗೆ ಓರೆಯಾಗಿ ಹತ್ತಿಸುತ್ತಿದ್ದ. ನಾನು ಜಗುಲಿಯಲ್ಲಿ ಕೂತು, ಇವತ್ತು ಗುದ್ದುತ್ತಾನೆ, ಇವತ್ತು ಗುದ್ದೇ ಗುದ್ದುತ್ತಾನೆ ಎಂದು ಕಾಯುತ್ತಿದ್ದೆ. ತಿಂಗಳುಗಳು ಕಳೆದವು, ಗುದ್ದಲಿಲ್ಲ. ಲಂಡನ್ನಿನವರ ಲೆಕ್ಕ ಯಡಿಯೂರಿನಲ್ಲಿ ಯಾಕೆ ನಡೆಯುತ್ತಿಲ್ಲ ಎಂದು ಆಶ್ಚರ್ಯವಾಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಯಜಮಾನರು ಕನಕಪುರ ರಸ್ತೆಯಿಂದ ವಾಪಸು ಬಂದು ಕಾರನ್ನು ಕೊಟ್ಟಿಗೆಗೆ ತಿರುಗಿಸಿದರು. ಕಲ್ಲುಬಾನಿ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬ ಹಾಗೆ ನೇರ ಬಂದರು. ಕರಕರ ಸದ್ದಾಯಿತು. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಬಣ್ಣ ಎದ್ದು, ತಗಡು ಒಳಕ್ಕೆ ಹೋಗಿತ್ತು. ಬಾನಿಗೆ ಏನೂ ಆಗಿರಲಿಲ್ಲ. ಅವರು ಇಳಿದು, ಬಗ್ಗಿ, ಪೆಟ್ಟು ಬಿದ್ದ ಜಾಗವನ್ನು ಬೆರಳಿನಿಂದ ಸವರುತ್ತ ಹೋದರು. ಕಣ್ಣಿಂದ ನೋಡಬೇಕಾದ್ದನ್ನು ಕೈಯಿಂದ ನೋಡುತ್ತಿದ್ದರು. ಆಗ ನನಗೆ ಹಗ್ಗದ ಮೇಲಿನ ಸೀರೆ ನೆನಪಾಯಿತು. ಅವರು ಕೀಲಿಕೈ ಕೊಟ್ಟು ಹೋದರು.

ಮಾರನೇ ದಿನ ಏಜೆಂಟನನ್ನು ಕರೆದುಕೊಂಡು ಅಪ್ಪ ಮಗ ಇಬ್ಬರೂ ಬಂದರು. ಏಜೆಂಟು ಕಾರು ನೋಡಿದವನೇ ಹುಡುಗನ ಬೆನ್ನು ತಟ್ಟಿದ.

"ಏನ್ ಗುರು, ಎಷ್ಟು ಸ್ಪೀಡಲ್ಲಿ ಬಂದೆ?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಕೊಟ್ಟಿಗೆಯ ಹೆಂಚು ನೋಡುತ್ತಿದ್ದರು.

"ಓಡಿಸ್ತಿದ್ದವ್ರ ಹೆಸರು, ವಯಸ್ಸು ಬರೀಬೇಕು. ಹುಡುಗನ್ದೇ ಹಾಕ್ಲಾ ಸಾರ್?"

ಯಜಮಾನರು ಹೆಂಚು ನೋಡುತ್ತಲೇ ಇದ್ದರು. ಆ ಹುಡುಗ ಪರ್ಸು ತೆಗೆದು ತನ್ನ ಲೈಸೆನ್ಸನ್ನು ಏಜೆಂಟನ ಕಡೆ ಚಾಚಿದ. ಗೀರು ತನ್ನ ಹೆಸರಿಗೆ ಬಿದ್ದರೆ ಮತ್ತೆ ಆ ಕಾರು ಮುಟ್ಟುವ ಹಾಗಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಒಳಗಿಡೋ ಅದ್ನ" ಎಂದೆ. "ಓಡಿಸ್ತಿದ್ದೋರು ಇವ್ರು. ನಾನು ಇಲ್ಲೇ ಕೂತಿದ್ದೆ."

"ಸಾರ್?" ಎಂದ ಏಜೆಂಟು.

"ಹೌದು" ಎಂದರು ಯಜಮಾನರು.

"ಯಾರು ಓಡಿಸಿದ್ರೂ ದುಡ್ಡು ಅಷ್ಟೇ ಬರತ್ತೆ ಬಿಡಿ ಸಾರ್, ಏನೂ ವ್ಯತ್ಯಾಸ ಇಲ್ಲ."

"ನಿಮ್ ಕಂಪನಿಗಿಲ್ಲ" ಎಂದೆ. "ಸ್ವಾಮಿ, ನೀವು ನನ್ ಸೀರೆಗೆ ಹೇಳ್ಬಿಟ್ಟು ಹೋದೋರು. ಎಷ್ಟು ದಿನದಿಂದ ಸರಿಯಾಗಿ ಕಾಣ್ತಿಲ್ಲ?"

ಅವರು ಕಲ್ಲುಬಾನಿಯ ಅಂಚಿನ ಮೇಲೇ ಕೂತರು. "ಪೊರೆ ಬಂದಿದೆ ಅಂತ ಡಾಕ್ಟ್ರು ಹೇಳಿ ಆರು ತಿಂಗಳಾಯ್ತು. ಮನೇಲಿ ಹೇಳಿದ್ರೆ ಕಾರು ಬಿಡಿ ಅಂತಾರೆ. ನಲವತ್ತು ವರ್ಷ ಕಾದು ತಗೊಂಡಿದೀನಿ ಅಮ್ಮಾ."

"ಅಪ್ಪಾ, ನಂಗಾದ್ರೂ ಹೇಳಬಾರ್ದಿತ್ತಾ?" ಎಂದ ಮಗ.

"ನಿಂಗೆ ಹೇಳಿದ್ರೆ ಕೀ ನಿಂದಾಗ್ತಿತ್ತಲ್ಲೋ."

ಸಂಕಟ ನೋಡುತ್ತ ಕೂರುವ ಅಭ್ಯಾಸ ನನಗಿಲ್ಲ. "ಇವತ್ತಿಂದ ರೇಟು ಬದ್ಲು. ಹುಡ್ಗನ್ಗೆ ನೂರು ಇಲ್ಲ, ನಿಮ್ಗೆ ನೂರು. ಕಣ್ಣು ಆಪರೇಷನ್ ಮಾಡುಸ್ಕೊಂಡ್ ಬನ್ನಿ, ಆ ನೂರು ತೆಗೀತೀನಿ" ಎಂದೆ.

"ಅಜ್ಜಿ ಕಂಪನಿ ಲಂಡನ್‌ಗಿಂತ ಸ್ಟ್ರಿಕ್ಟು ಸಾರ್" ಎಂದ ಏಜೆಂಟು, ಯಜಮಾನರ ವಯಸ್ಸು ಬರೆದುಕೊಳ್ಳುತ್ತ.

ಕಾರು ರಿಪೇರಿಯಾಗಿ ಬಂದ ಮೇಲೆ ಭಾನುವಾರಗಳಲ್ಲಿ ಮಗ ಓಡಿಸುತ್ತಿದ್ದ, ಅಪ್ಪ ಪಕ್ಕದಲ್ಲಿ ಕೂರುತ್ತಿದ್ದರು. ದಾರಿಯುದ್ದಕ್ಕೂ "ಹಂಪು, ಹಂಪು" ಎಂದು ಕೂಗುತ್ತಾರೆ, ಇಲ್ಲದ ಕಡೆಯೂ ಕೂಗುತ್ತಾರೆ ಎಂದು ಹುಡುಗ ನನ್ನ ಹತ್ತಿರ ಚಾಡಿ ಹೇಳಿದ.

ಆಪರೇಷನ್ ಆಗಿ, ಡಾಕ್ಟರು ಹೇಳಿದ ದಿನವೆಲ್ಲ ಕಳೆದ ಮೇಲೆ ಯಜಮಾನರು ಒಬ್ಬರೇ ಬಂದರು. ಕಲ್ಲುಬಾನಿಯ ಮುಂದೆ ನಿಂತರು.

"ಅಮ್ಮಾ, ಇದು ಇಷ್ಟು ದೊಡ್ಡದಿತ್ತಾ?"

"ಹಸು ಇದ್ದಾಗ್ಲೂ ಇಷ್ಟೇ ಇತ್ತು."

ಕೀಲಿಕೈ ಕೇಳಿದರು. ತಾಳಿ ಎಂದು ಹೇಳಿ, ಅಂಗಳದ ಆ ತುದಿಗೆ ಹೋಗಿ, ನನ್ನ ಸೀರೆ ಒಣಗುತ್ತಿದ್ದ ಹಗ್ಗದ ಪಕ್ಕ ನಿಂತು ಕೈ ಎತ್ತಿ ಬೆರಳು ತೋರಿಸಿದೆ.

"ಮೂರು" ಎಂದು ಅಲ್ಲಿಂದಲೇ ಕೂಗಿದರು.

ಕೀಲಿಕೈ ಕೊಟ್ಟೆ. ನೂರು ರೂಪಾಯಿ ಕೇಳಲಿಲ್ಲ.