ಅಂಗಡಿ ಮೇಲೆತ್ತುವ ಸಂಗನಬಸವ
ಸಿಂಧನೂರಿನ ಯಾವ ಅಂಗಡಿ ಹೊಕ್ಕರೂ ಸಂಗನಬಸವ ಮೊದಲು ಬೋರ್ಡಿನ ಫೋಟೊ ಹೊಡೆದು, ಆಮೇಲೆ ಮಾಲೀಕನನ್ನು ಹೆದರಿಸುತ್ತಾನೆ: "ಮೊಬೈಲ್‌ನಾಗ ಹುಡುಕಿದ್ರ ಸಿಗಲಿಲ್ಲಂದ್ರ ನೀವು ಊರಾಗ ಇಲ್ಲಂತ ತಿಳೀರಿ." ದುಡ್ಡು ಕೊಟ್ಟವರ ಹೆಸರನ್ನು ಹುಡುಕಾಟದಲ್ಲಿ ಮೇಲೆ ತರುವುದು ಅವನ ಕಸುಬು. ಗಿರಾಕಿಗಳ ಹೊಗಳಿಕೆಯನ್ನೂ ತಾನೇ ಬರೆಯುತ್ತಾನೆ. ಲಿಂಗಸುಗೂರಿನ ಬ್ಯೂಟಿ ಪಾರ್ಲರ್ ಮೆಚ್ಚಿದ ಮದುಮಗಳೂ ಅವನೇ, ಬಾಣಂತಿ ಲೇಹ್ಯ ತಿಂದು ಗಟ್ಟಿಯಾದ ಬಾಣಂತಿಯೂ ಅವನೇ. ಮಸ್ಕಿಯ ಹೊಸ ಹೋಟೆಲಿಗೆ "ರೊಟ್ಟಿ ಥೇಟ್ ನಮ್ಮವ್ವ ಬಡಿದಂಗ ಐತಿ" ಎಂದು ಬರೆದು ಐದು ಸ್ಟಾರ್ ಒತ್ತಿದ. ಅದರ ಎದುರಿಗೇ ಖಾನಾವಳಿ ನಡೆಸುತ್ತಿದ್ದ ಅವನವ್ವ ಕಸ್ತೂರೆಮ್ಮ "ನಂದೂ ಹಾಕಪಾ" ಅಂದರೆ, "ನಿನ್ನ ರೊಟ್ಟಿ ಯಾರಿಗೆ ಗೊತ್ತಿಲ್ಲ ಬೇ?" ಎಂದು ನಕ್ಕ. ಗಿರಾಕಿಗಳು ಎದುರಿಗೆ ಹೋದರು, ಖಾನಾವಳಿ ಮುಚ್ಚಿತು. ಆದರೂ ಅವನನ್ನು ಸುಳ್ಳುಗಾರ ಅನ್ನುವಂತಿಲ್ಲ. ಆ ಹೋಟೆಲಿನಲ್ಲಿ ಈಗ ಕೂಲಿಗೆ ರೊಟ್ಟಿ ಬಡಿಯುವವಳು ಅವನವ್ವನೇ.